ಮಾವನ ರಿವಾಲ್ವರು, ಅತ್ತೆಯ ಕೋಡುಬಳೆ

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಸಂಸಾರ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದ್ದರೆ, ದೀಪಿಕ ಮಾವನವರ ಬೀರುವಿನ ಕಡೆ ಬೆರಳು ತೋರಿಸುತ್ತಿದ್ದಳು.

ಆ ಬೀರುವಿನಲ್ಲಿ, ಮಡಿಸಿದ ಪಂಚೆಗಳ ಕೆಳಗೆ, ಒಂದು ರಿವಾಲ್ವರ್ ಮಲಗಿತ್ತು. ಕಳ್ಳಮಾಲೇನಲ್ಲ, ಸರ್ಕಾರದ ಮೊಹರು ಬಿದ್ದ ಲೈಸೆನ್ಸಿನದು. ಮಾವ ಚಲುವರಾಜು ಕಾಲುವೆ ಕಂಟ್ರಾಕ್ಟು ಮಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಮೂವತ್ತು ವರ್ಷಗಳಲ್ಲಿ ಅದು ಸಿಡಿದದ್ದು ಒಂದೇ ಸಲ, ಕಬ್ಬಿಗೆ ನುಗ್ಗಿದ ಕಾಡುಹಂದಿಯ ಮೇಲೆ. (ಹತ್ತಿರ ಹೋಗಿ ನೋಡಿದರೆ ಹಂದಿಯಲ್ಲ, ಪಕ್ಕದ ಗದ್ದೆಯವರ ಕೆಟ್ಟು ನಿಂತ ಪಂಪ್‌ಸೆಟ್ಟು. ಗುಂಡು ಬಿದ್ದ ಮೇಲೆ ಅದು ಮತ್ತೆ ಓಡತೊಡಗಿತೆಂಬುದು ಮಾವನವರ ವಾದ.)

ದೀಪಿಕ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ನಾಲ್ಕು ವರ್ಷದ ಮಗಳು ತೇಜುಗೆ ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡಿ ಕೊಡುವವಳು. ಮನೆಯ ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದವಳು. ಅಂಥವಳ ಮನೆಯಲ್ಲಿ ಪಂಚೆಯ ಕೆಳಗೆ ರಿವಾಲ್ವರ್.

ಹೀಗಿರುವಾಗ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಫಲಿತಾಂಶ ಬಂದ ಮೇಲೆ ವಾಪಸ್ಸು. ಮಾವನ ಲೈಸೆನ್ಸು ಹುಟ್ಟೂರು ಪೂರಿಗಾಲಿಯ ವಿಳಾಸದಲ್ಲಿದ್ದುದರಿಂದ ಮಂಡ್ಯದಿಂದ ಮಳವಳ್ಳಿ ಕಡೆಯ ಠಾಣೆಗೇ ಹೋಗಬೇಕು. ಸೋಮವಾರ ಸಂಜೆ ಐದಕ್ಕೆ ಗಡುವು.

"ಅದ್ಕೇನು, ಟವಲ್‌ನಾಗೆ ಸುತ್ತಿ ಸ್ಕೂಟ್ರು ಡಿಕ್ಕಿಗೆ ಮಡಗ್ಕಂಡು ಓಯ್ತೀನಿ. ಪ್ರತಿ ಸಲಾನೂ ಅಂಗೇ ಓಗಿರದು" ಎಂದರು ಮಾವ.

"ಡಿಕ್ಕೀಲಿ ಇನ್ನೇನಿರುತ್ತೆ ಮಾವ?"

"ಎಲೆ ಅಡಿಕೆ, ಸುಣ್ಣ. ಯಾವಾಗ್ಲಾರ ಸೋರೆಕಾಯಿ."

"ಗುಂಡುಗಳು?"

"ಅದ್ರೊಳಗೇ ಇರ್ತವೆ. ಅವ್ನೇನು ಕೈ ಇಡ್ಕಂಡು ನಡೆಸ್ಕಂಡು ಓಗಕ್ಕಾಯ್ತದಾ?"

ದೀಪಿಕಳಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಮಾವನ ಮುಂದೆ ಒಂದು ಪಂಥವನ್ನಿಟ್ಟಳು. ಕಾನೂನು ಹೇಗೆ ಹೇಳುತ್ತದೋ ಹಾಗೆ, ಕೂದಲಷ್ಟೂ ತಪ್ಪಿಲ್ಲದೆ, ತಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಹಾಗೆ ಮುಟ್ಟಿಸಿದರೆ ರಿವಾಲ್ವರ್ ಮತ್ತೆಂದೂ ಈ ಮನೆಗೆ ಬರಕೂಡದು.

ಮಾವ ಎಲೆಗೆ ಸುಣ್ಣ ಸವರುತ್ತ ಯೋಚಿಸಿದರು. "ಆಗ್ಲಿ. ಲೈಸೆನ್ಸು ವಾಪಸ್ ಒಪ್ಪಿಸ್ತೀನಿ ಅಂತ ಕಾಗ್ದ ಬರ್ದು ಜೋಬಲ್ಲಿ ಮಡಗಿರ್ತೀನಿ. ಆದ್ರೆ ಒಂದ್ ತಪ್ಪಾದ್ರೂ ಬೀರು ಸುದ್ದಿಗೆ ಬರಂಗಿಲ್ಲ, ನೋಡವ್ವ."

ಅಲ್ಲಿಂದ ಮನೆಯಲ್ಲಿ ದೀಪಿಕಳ ದಂಡಯಾತ್ರೆಯ ಸಿದ್ಧತೆ ಶುರುವಾಯಿತು. ಬೀಗದ ಉಕ್ಕಿನ ಪೆಟ್ಟಿಗೆ ಬಂತು. ಅದನ್ನು ಕಾರಿನ ಡಿಕ್ಕಿಯ ಕೊಂಡಿಗೆ ಕಟ್ಟಲು ಉಕ್ಕಿನ ತಂತಿ ಬಂತು. ರಿವಾಲ್ವರ್ ಖಾಲಿಯಾಗಿ ಅದರೊಳಗೆ. ಕೀಲಿ ಲೈಸೆನ್ಸುದಾರರಾದ ಮಾವನ ಉಡಿದಾರದಲ್ಲಿ. ಲೈಸೆನ್ಸು ಪುಸ್ತಕ, ಆಧಾರ್ ಕಾರ್ಡು ಮಾವನ ಎದೆಯ ಜೇಬಿನಲ್ಲಿ. ಮಾವ ಕಾರು ಬಿಟ್ಟು ಕದಲುವಂತಿಲ್ಲ. ಗಂಡ ಶಶಿಧರ್, ಹೈಸ್ಕೂಲು ಮೇಷ್ಟ್ರು, ಮತಗಟ್ಟೆಯ ತರಬೇತಿಗೆ ಹೋಗಿದ್ದ. ಪ್ರಜಾಪ್ರಭುತ್ವವನ್ನು ಅವನು ನೋಡಿಕೊಳ್ಳಲಿ, ಮನೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡಳು ದೀಪಿಕ.

ಉಳಿದದ್ದು ಆರು ಗುಂಡು. ಅವು ರಿವಾಲ್ವರಿನಿಂದ ದೂರ ಇರಬೇಕು. ಕಂಡವರಿಗೆ ಗುಂಡೆಂದು ತಿಳಿಯಲೂಬಾರದು. ಆಗ ಅವಳಿಗೊಂದು ಮಹಾ ಉಪಾಯ ಹೊಳೆಯಿತು. ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿಗಳ ಒಂದು ಜೋಡಿ ಇತ್ತು, ಎರಡರ ಹೊಟ್ಟೆಯ ಮೇಲೂ 'ದೀಪಿಕ ಶಶಿಧರ್' ಎಂದು ಕೊರೆಸಿತ್ತು. ಒಂದರಲ್ಲಿ ಅತ್ತೆ ಸಣ್ಣತಾಯಮ್ಮ ದಾರಿಗೆಂದು ಕೋಡುಬಳೆ ತುಂಬಿದ್ದರು. ಇನ್ನೊಂದರಲ್ಲಿ ದೀಪಿಕ, ಸದ್ದಾಗದಂತೆ ಹತ್ತಿ ಒತ್ತಿ, ಆರು ಗುಂಡು ಮಲಗಿಸಿದಳು. ಗುರುತಿಗೆ ಮುಚ್ಚಳದ ಮೇಲೆ ತನ್ನ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟನ್ನೇ ಅಂಟಿಸಿದಳು. ಗುರುತು ಯಾರಿಗೂ ಹೇಳಲಿಲ್ಲ. (ಗುಟ್ಟು ಇಬ್ಬರಿಗೆ ತಿಳಿದರೆ ಅದು ಗುಟ್ಟಲ್ಲ ಎಂಬುದು ಅವಳ ಭದ್ರತಾ ನೀತಿ.)

ಮಗುವನ್ನು ಮನೆಯಲ್ಲೇ ಬಿಡಬಹುದಿತ್ತು. ಆದರೆ ಅತ್ತೆ ದ್ರಾಕ್ಷಿಯನ್ನು ಇಡಿಯಾಗಿ ಕೊಡುತ್ತಾರೆ.

ಡಬ್ಬಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತೇಜುಗೆ ಶೂ ಹಾಕಿ ಬರುವಷ್ಟರಲ್ಲಿ ಅತ್ತೆ ಮಗುವಿನ ಬ್ಯಾಗು ತುಂಬಿ ಜಿಪ್ಪು ಎಳೆದಾಗಿತ್ತು. ಕಟ್ಟೆಯ ಮೇಲೆ ಉಳಿದಿದ್ದ ಡಬ್ಬಿಯ ಮೇಲೆ ಬೊಟ್ಟು ಕೆಂಪಗೆ ನಗುತ್ತಿತ್ತು. ದೀಪಿಕ ಅದನ್ನು ಕೈಯಾರೆ ಎತ್ತಿಕೊಂಡು, ಕಾರಿನ ಮುಂದಿನ ಖಾನೆಯಲ್ಲಿಟ್ಟು ಬೀಗ ತಿರುವಿದಳು. ಅತ್ತೆ ಚಕ್ರಕ್ಕೆ ನಿಂಬೆಹಣ್ಣಿಟ್ಟರು. ಕಾರು ಹೊರಟಿತು.

ಗೆಜ್ಜಲಗೆರೆ ದಾಟುವ ಮೊದಲೇ ತೇಜು ಬ್ಯಾಗು ತಬ್ಬಿಕೊಂಡು ಕೋಡುಬಳೆ ಎಂದಳು.

"ಓಡೋ ಕಾರಲ್ಲಿ ಏನೂ ತಿನ್ನಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ" ಎಂದಳು ದೀಪಿಕ.

"ನನ್ ಗಂಟ್ಲು ದೊಡ್ದಾಗೇ ಅದೆ, ನಂಗೊಂದ್ ಕೊಡು" ಎಂದರು ಮಾವ.

"ನಿಮಗೂ ಇಲ್ಲ ಮಾವ."

ಮದ್ದೂರಿನಲ್ಲಿ ವಡೆಗೆ ನಿಲ್ಲಿಸಲೇಬೇಕಾಯಿತು. ಇಲ್ಲದಿದ್ದರೆ ಮಾವ ಇಳಿದು ಬಸ್ಸು ಹತ್ತುವವರಿದ್ದರು. ಆದರೆ ಡಿಕ್ಕಿಯಲ್ಲಿ ರಿವಾಲ್ವರ್ ಇರುವಾಗ ಕಾರು ಬಿಟ್ಟು ಹೋಗುವುದುಂಟೆ? ದೀಪಿಕ ವಡೆ ತಂದುಕೊಟ್ಟಳು. ಮಾವ ಡಿಕ್ಕಿಗೆ ಬೆನ್ನು ಕೊಟ್ಟು ನಿಂತು ತಿಂದರು. ಪರಿಚಯದವರೊಬ್ಬರು ಬೈಕು ನಿಧಾನ ಮಾಡಿದರು.

"ಏನ್ ಚಲುವರಾಜಣ್ಣ, ಕಾರ್ ತಳ್ಬೇಕಾ?"

"ಇಲ್ಲ ಕನಪ್ಪ, ಕಾಯ್ತಾ ಇವ್ನಿ."

"ಯಾರ್ನ?"

"ಕಾರ್ನೇ."

ಬೈಕಿನವರು ದೀಪಿಕಳನ್ನೊಮ್ಮೆ ನೋಡಿ, ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ಹೋದರು.

ಭಾರತೀನಗರ ದಾಟಿದ ಮೇಲೆ ಚುನಾವಣಾ ಚೆಕ್‌ಪೋಸ್ಟು. ಶಾಮಿಯಾನ, ಎರಡು ಬ್ಯಾರಿಕೇಡು, ಭುಜದ ಮೇಲೆ ಕ್ಯಾಮೆರಾ ಹೊತ್ತ ಒಬ್ಬ ವಿಡಿಯೋದವನು. ಹೆಡ್‌ಕಾನ್‌ಸ್ಟೆಬಲ್ ದೇವಿರಮ್ಮ ಕೈ ಅಡ್ಡ ಹಿಡಿಯುವ ಮೊದಲೇ ದೀಪಿಕ ಕಾರು ನಿಲ್ಲಿಸಿ, ಗಾಜಿಳಿಸಿ, ಒಂದೇ ಉಸಿರಿನಲ್ಲಿ ಒಪ್ಪಿಸಿದಳು: ರಿವಾಲ್ವರ್ ಇದೆ, ಖಾಲಿ ಇದೆ, ಡಿಕ್ಕಿಯಲ್ಲಿದೆ, ಬೀಗ ಹಾಕಿದೆ, ಲೈಸೆನ್ಸುದಾರರು ಪಕ್ಕದಲ್ಲೇ ಇದ್ದಾರೆ.

ದೇವಿರಮ್ಮ ಪೆಟ್ಟಿಗೆ ತೆಗೆಸಿ ನೋಡಿದರು. ಲೈಸೆನ್ಸಿನ ನಂಬರು ತಾಳೆ ನೋಡಿದರು. "ಗುಂಡು?"

ದೀಪಿಕ ಮುಂದಿನ ಖಾನೆ ತೆರೆದು ಬೊಟ್ಟಿನ ಡಬ್ಬಿ ತೋರಿಸಿದಳು. ಅಷ್ಟರಲ್ಲಿ ಹಿಂದೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ಹಾರನ್ನು ಬಡಿಯತೊಡಗಿದವು.

"ಸರಿ ಓಗಿ, ಸ್ಟೇಷನ್ನಲ್ಲಿ ಬಿಚ್ಚಿ ನೋಡ್ಕತಾರೆ. ಇಷ್ಟು ನೀಟಾಗಿ ತಂದೋರ್ನ ನಾನ್ ಕಂಡಿಲ್ಲ ಕಣಮ್ಮ. ಒಬ್ಬ ಅಕ್ಕಿ ಚೀಲ್ದಾಗೆ ತಂದಿದ್ದ."

ದೀಪಿಕಳಿಗೆ ಕಾನ್ವೆಂಟಿನಲ್ಲಿ ಬಹುಮಾನ ಬಂದಾಗಲೂ ಇಷ್ಟು ಎದೆ ಉಬ್ಬಿರಲಿಲ್ಲ. ಓರೆಗಣ್ಣಲ್ಲಿ ಮಾವನನ್ನು ನೋಡಿದಳು. ಮಾವ ಜೇಬಿನ ಕಾಗದ ಮುಟ್ಟಿ ನೋಡಿಕೊಂಡು ಕಿಟಕಿಯಾಚೆ ತಿರುಗಿದರು. ಆ ಸಂತೋಷದಲ್ಲಿ ಅವಳ ಮನಸ್ಸು ಧಾರಾಳವಾಯಿತು. ದೇವಿರಮ್ಮನ ಮುಖ ಬಾಡಿತ್ತು.

"ತಿಂಡಿ ಆಯ್ತಾ ಅಕ್ಕ?"

"ಯಾವ್ ತಿಂಡಿ? ಬೆಳಿಗ್ಗೆ ಆರ್ರಿಂದ ಇಲ್ಲೇ ನಿಂತಿವ್ನಿ."

ದೀಪಿಕ ಹಿಂದಕ್ಕೆ ಕೈ ಚಾಚಿ, ತೇಜುವಿನ ಬ್ಯಾಗಿನಿಂದ ಟವಲು ಸುತ್ತಿದ ಡಬ್ಬಿಯನ್ನು ಹಾಗೇ ಎಳೆದು ಕಿಟಕಿಯಾಚೆ ನೀಡಿದಳು. "ನಮ್ಮತ್ತೆ ಮಾಡಿದ ಕೋಡುಬಳೆ. ಬರ್ತಾ ಡಬ್ಬಿ ಇಸ್ಕೋತೀವಿ."

"ಬ್ಯಾಡ ಕಣಮ್ಮ, ಎಲೆಕ್ಷನ್ ಟೇಮು. ವಿಡಿಯೋ ಆಯ್ತಾ ಅದೆ."

"ಕೋಡುಬಳೆ ತಿಂದ್ರೆ ಯಾರು ಏನಂತಾರೆ ಅಕ್ಕ" ಎಂದು ಕಿಟಕಿಯ ಪಕ್ಕದಲ್ಲೇ ಇದ್ದ ಪೊಲೀಸರ ಕುರ್ಚಿಯ ಮೇಲಿಟ್ಟು ಕಾರು ಮುಂದಕ್ಕೆ ಬಿಟ್ಟಳು. ಮಳವಳ್ಳಿಯವರೆಗೂ ಮಾವ ಗೊಣಗುತ್ತಲೇ ಇದ್ದರು. "ನಂಗೊಂದ್ ಕೊಡ್ನಿಲ್ಲ, ಡಬ್ಬೀನೇ ದಾನ ಮಾಡ್ಬುಟ್ಲು."

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ರಿವಾಲ್ವರ್ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. "ಗುಂಡು ಆರು ಅಂತ ಇದೆ, ತೋರ್ಸಿ."

ದೀಪಿಕ ಬೊಟ್ಟಿನ ಡಬ್ಬಿಯನ್ನು ಮೇಜಿನ ಮಧ್ಯಕ್ಕೆ ತಳ್ಳಿ, ಪ್ರಸಾದ ಕೊಡುವವಳಂತೆ ಮುಚ್ಚಳ ತೆಗೆದಳು.

ಕೋಡುಬಳೆಯ ಇಂಗಿನ ವಾಸನೆ ಠಾಣೆಯ ತುಂಬ ಹರಡಿತು.

ಮಾವ ಮೆಲ್ಲಗೆ ಒಂದನ್ನೆತ್ತಿಕೊಂಡು ಕಟುಮ್ಮೆಂದು ಕಡಿದರು. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ದೇವಿರಮ್ಮನ ಗಂಟಲು ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು. "ಸಾ, ರಿವಾಲ್ವರ್ ತಂದಿದ್ದ ಎಣ್ಮಗಳೊಬ್ಳು ಕೋಡ್ಬಳೆ ಅಂತ ಮಡಗೋದ್ಲು. ಬಿಚ್ಚುದ್ರೆ ಅತ್ತಿ ಒಳ್ಗೆ ಆರು ಗುಂಡು. ಎಲ್ಲಾ ವಿಡಿಯೋ ಆಗದೆ. ಡಬ್ಬಿ ಮ್ಯಾಗೆ ಎಸ್ರೂ ಅದೆ ಸಾ, ದೀಪಿಕ ಸಸಿಧರ್ ಅಂತ."

ದೀಪಿಕ ಅತ್ತೆಗೆ ಫೋನು ಮಾಡಿದಳು.

"ಊ ಕನವ್ವ, ನಾನೇ ಇಕ್ಕಿದ್ದು" ಎಂದರು ಸಣ್ಣತಾಯಮ್ಮ. "ಒಂದ್ ಡಬ್ಬಿಗೆ ಬೊಟ್ಟಿತ್ತು, ಒಂದು ಬೋಳಾಗಿತ್ತು. ಒಳ್ಳೆ ಕೆಲ್ಸಕ್ಕೆ ಒಂಟಾಗ ಬೋಳು ಡಬ್ಬಿ ತಕಂಡೋಗ್ಬಾರ್ದು ಅಂತ ಕನ್ನಡೀಲಿದ್ದ ನಿನ್ ಬೊಟ್ಟು ಕಿತ್ತು ಅಂಟುಸ್ದೆ. ಒಂದ್ನ ಮೊಗಿನ ಬ್ಯಾಗಿಗೆ ಆಕ್ದೆ. ಯಾಕವ್ವ, ಕೋಡ್ಬಳೆ ಮೆತ್ಗಾಗಿದ್ವಾ?"

ಆರು ಗುಂಡು. ಮಂಡ್ಯದಿಂದ ಭಾರತೀನಗರದವರೆಗೆ ತೇಜು ತಬ್ಬಿಕೊಂಡಿದ್ದ ಬ್ಯಾಗಿನಲ್ಲಿ. ದೀಪಿಕ ಅಲ್ಲೇ ಬೆಂಚಿನ ಮೇಲೆ ಕುಸಿದು ಮಗಳನ್ನು ಎದೆಗವಚಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ಸೋರೆಕಾಯಿಯ ಜೊತೆಗೆ ತಿರುಗಿದ ರಿವಾಲ್ವರು ಮಾಡದ ಅನಾಹುತವನ್ನು ತನ್ನ ಉಪಾಯ ಒಂದೇ ಬೆಳಿಗ್ಗೆ ಮಾಡಲು ಹೊರಟಿತ್ತು.

ಸಬ್ ಇನ್ಸ್‌ಪೆಕ್ಟರು ಕೆಂಡವಾಗಿದ್ದರು. ಮಾವ ಎದ್ದು ನಿಂತು ಕೈಮುಗಿದರು. "ತಪ್ಪು ನಂದು ಸಾ. ಗುಂಡು ಲೈಸೆನ್ಸ್‌ದಾರ್ನ ಕೈಲಿರ್ಬೇಕಿತ್ತು. ಎಣ್ಮಗೀನ ಏನೂ ಅನ್ಬ್ಯಾಡಿ."

ಕೊನೆಗೆ ಮಾವನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು, ದೀಪಿಕಳಿಗೆ ಅರ್ಧ ಗಂಟೆ ಬುದ್ಧಿ ಹೇಳಿ ಬಿಟ್ಟರು. ಜೀಪಿನಲ್ಲಿ ಬಂದ ಗುಂಡಿನ ಡಬ್ಬಿಗೆ ಅರಗಿನ ಮೊಹರು ಬಿತ್ತು. ರಸೀದಿಯಲ್ಲಿ ಹೀಗೆ ಬರೆದಿತ್ತು: 'ರಿವಾಲ್ವರ್ ಒಂದು, ಗುಂಡು ಆರು, ಹೆಸರುಳ್ಳ ಸ್ಟೀಲ್ ಡಬ್ಬಿ ಒಂದು, ಹತ್ತಿ ಸ್ವಲ್ಪ, ಕೆಂಪು ಬೊಟ್ಟು ಒಂದು.'

ವಾಪಸು ಬರುವಾಗ ಚೆಕ್‌ಪೋಸ್ಟಿನಲ್ಲಿ ಅರ್ಧ ಮೈಲಿ ವಾಹನಗಳು ನಿಂತಿದ್ದವು. ಬಸ್ಸಿನವರು, ಬೈಕಿನವರು, ಕಬ್ಬು ಕಡಿಯುವವರು, ಎಲ್ಲರೂ ಬುತ್ತಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದರು.

"ಯಾರೋ ಪುಣ್ಯಾತ್ಗಿತ್ತಿ ಡಬ್ಬೀಲಿ ಗುಂಡು ತಂದವ್ಳಂತೆ" ಎಂದ ಪಕ್ಕದ ಟ್ರಾಕ್ಟರಿನವನು. "ನಮ್ ಮುದ್ದೆ ಆರೋಯ್ತು."

ದೀಪಿಕ ಸೆರಗನ್ನು ಮುಖದ ತನಕ ಎಳೆದುಕೊಂಡಳು. ಸರದಿ ಬಂದಾಗ ದೇವಿರಮ್ಮ ಕೈ ಚಾಚಿ, ಮಾವನ ಮಡಿಲಿನಿಂದ ಒಂದು ಕೋಡುಬಳೆ ತೆಗೆದು, ಕಡಿದು, ಅಗಿದು, ನುಂಗಿದರು. "ಇದು ಕೋಡ್ಬಳೇನೇ. ಓಗಿ."

ಸ್ವಲ್ಪ ದೂರ ಬಂದ ಮೇಲೆ ದೀಪಿಕ ತಡವರಿಸುತ್ತ ಕೇಳಿದಳು. "ಮಾವ, ಆ ಕಾಗದ..."

ಮಾವ ಮಡಿಲಿನಲ್ಲಿ ಹರವಿಕೊಂಡಿದ್ದ ಹಾಳೆಯನ್ನು ತೋರಿಸಿದರು. ಕೋಡುಬಳೆ ಅದರ ಮೇಲೇ ಇತ್ತು.

"ಎಣ್ಣೆ ಆಗೋಯ್ತು ಕನವ್ವ. ಮುಂದಿನ್ ಎಲೆಕ್ಷನ್ನಿಗೆ ಒಸಾದು ಬರ್ಕೊಡ್ತೀನಿ ಬುಡು."