ಮೂವತ್ತು ಹೆಚ್ಚುವರಿ ಕುದುರೆಗಳು

ಚಳ್ಳಕೆರೆಯ ಇತಿಹಾಸದಲ್ಲಿ ಕಾರಿನ ಎಂಜಿನ್ನಿಗೆ ಹೊಸ ಬುದ್ಧಿ ಕಲಿಸಿದ ಮೊದಲ ಮಹಿಳೆ ನಾನೇ ಆಗಬೇಕೆಂದು 2009ರ ಬೇಸಿಗೆ ರಜೆಯ ಮೊದಲ ದಿನ ಘೋರ ಪ್ರತಿಜ್ಞೆ ಮಾಡಿದೆ. ಅದಕ್ಕೆ ಕಾರಣ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಬೋರಣ್ಣ. ಹಿಂದಿನ ದಿನ ಅವರು ತಮ್ಮ ಡೀಸೆಲ್ ಜೀಪಿನಲ್ಲಿ ನನ್ನ ಕಾರನ್ನು ಹಿಂದೆ ಹಾಕಿ, ಕಿಟಕಿಯಿಂದ ಕೈ ಹೊರಚಾಚಿ, "ನಿಧಾನಕ್ಕೆ ಬರ್ರಿ ಮೇಡಂ" ಎಂದಿದ್ದರು. ವಿಜ್ಞಾನ ಶಿಕ್ಷಕಿಗೆ!

ಕಾರು ಪುಟ್ಟದು. ದಾವಣಗೆರೆಯ ವೈದ್ಯರೊಬ್ಬರು ನಾಲ್ಕು ವರ್ಷ ಓಡಿಸಿ ಬೇಸರಪಟ್ಟು ಮಾರಿದ ವಿದೇಶಿ ಪೆಟ್ರೋಲ್ ಕಾರು. ಅದರೊಳಗೆ ಟರ್ಬೊ ಎಂಬ ಸಣ್ಣ ಗಾಳಿಚಕ್ರವೊಂದಿತ್ತು. ಅದು ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬಿ, ಚಿಕ್ಕ ಎಂಜಿನ್ನಿನಿಂದ ದೊಡ್ಡದರ ಕೆಲಸ ತೆಗೆಯುತ್ತಿತ್ತು. ನೂರೈದು ಅಶ್ವಶಕ್ತಿ. ಎಷ್ಟು ಗಾಳಿ, ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಎಂಬ ಲೆಕ್ಕವೆಲ್ಲ ಕಾರಿನ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕವಾಗಿ ಇರುತ್ತದಂತೆ. ಆ ಕೋಷ್ಟಕ ತಿದ್ದಿದರೆ ಅದೇ ಎಂಜಿನ್ ನೂರಮೂವತ್ತೈದು ಕುದುರೆಗಳಷ್ಟು ಎಳೆಯುತ್ತದೆ ಎಂದು ದಾವಣಗೆರೆಯ ಬಾಲರಾಜು ಹೇಳಿದ. ಅವನ ಗ್ಯಾರೇಜಿನಲ್ಲಿ ಸ್ಪ್ಯಾನರಿಗಿಂತ ಲ್ಯಾಪ್‌ಟಾಪುಗಳೇ ಹೆಚ್ಚು. ಎಂಜಿನ್ ಅದೇ, ಊಟ ಸ್ವಲ್ಪ ಜಾಸ್ತಿ, ದುಡಿಮೆ ಬಹಳ ಜಾಸ್ತಿ. ಹೆಂಗಸಾದ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ನನ್ನ ಗಂಡ ಲೋಹಿತನಿಗೆ ಇದು ಇಷ್ಟವಿರಲಿಲ್ಲ.

"ಇರೋ ಸ್ಪೀಡೇ ಸಾಕಲ್ಲ. ಅಷ್ಟು ಬೇಗ ಎಲ್ಲಿಗೆ ಹೋಗ್ತೀಯಾ?"

"ಎಲ್ಲಿಗಾದ್ರೂ ಹೋಗ್ತೀನಿ. ಟೈಮ್ ಉಳಿತೈತೆ."

ಉಳಿದ ಟೈಮು ಯಾರ ಪಾಲಿಗೆ ಹೋಗುತ್ತದೆಂದು ಅವನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಬಾಲರಾಜು ಅರ್ಧ ದಿನದಲ್ಲಿ ಕೆಲಸ ಮುಗಿಸಿದ. ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟ. ಇನ್ನು ಮೇಲೆ ಈ ಕಾರಿಗೆ ದೊಡ್ಡ ಊರಿನ ಬಂಕುಗಳಲ್ಲಿ ಸಿಗುವ ದುಬಾರಿ ಪೆಟ್ರೋಲನ್ನೇ ಹಾಕಬೇಕು, ಸಾದಾ ಹಾಕಿದರೆ ಎಂಜಿನ್ನಿನೊಳಗೆ ಕುಟ್ಟುವ ಸದ್ದು ಬರುತ್ತದೆ, ಮುಂದಿನದಕ್ಕೆ ತಾನು ಜವಾಬ್ದಾರನಲ್ಲ. ಮಕ್ಕಳಿಗೆ ದಹನಕ್ರಿಯೆ ಪಾಠ ಮಾಡುವ ನಾನು ಗಂಭೀರವಾಗಿ ತಲೆಯಾಡಿಸಿ, ಟ್ಯಾಂಕು ತುಂಬಿಸಿಕೊಂಡು ಊರಿಗೆ ಬಂದೆ. ಮುಂದಿನ ಮೂರು ಸಂಜೆ ಶಿಕ್ಷಕಿಯರ ಸಂಘದ ಸಮಸ್ತ ಸದಸ್ಯೆಯರನ್ನೂ ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಪ್ರದರ್ಶನ ನೀಡಿದೆ. ಟ್ಯಾಂಕಿನ ಮುಳ್ಳು ತಳ ಕಂಡಿತು. ಕೀರ್ತಿ ಮುಗಿಲು ಮುಟ್ಟಿತು.

ಇನ್ನು ಪುಷ್ಪಲತಾಳ ವಿಷಯ. ಅವಳು ಲೋಹಿತನ ತಂಗಿ. ಐದು ವರ್ಷದ ಹಿಂದೆ ಗಂಡನ ಮನೆ ಬಿಟ್ಟು, ಒಂದು ಹೊಲಿಗೆ ಯಂತ್ರದ ಜೊತೆ ನಮ್ಮ ಮನೆಗೆ ಬಂದಳು. ಯಾಕೆ ಬಂದೆ ಎಂದು ನಾವ್ಯಾರೂ ಕೇಳಲಿಲ್ಲ. ಇದನ್ನು ನಾನು ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಎರಡು ಸಲ ಉದಾಹರಣೆಯಾಗಿ ಬಳಸಿದ್ದೇನೆ. ಅವಳು ಬಂದ ವಾರದಲ್ಲೇ ಅಡುಗೆಮನೆ ಅವಳ ಹೆಸರಿಗೆ ವರ್ಗವಾದದ್ದನ್ನು ಮಾತ್ರ ಯಾವ ಭಾಷಣದಲ್ಲೂ ಹೇಳಿಲ್ಲ.

ಅವಳಿಗೊಂದು ಕಾಗದ ಬಂದಿತ್ತು. ಮೊಳಕಾಲ್ಮೂರಿನ ಮಹಿಳಾ ಸಂಘವೊಂದರ ಹೊಲಿಗೆ ತರಬೇತಿ ಕೇಂದ್ರಕ್ಕೆ ಶಿಕ್ಷಕಿಯರು ಬೇಕಾಗಿದ್ದರು. ಸಂಬಳವೂ ಇತ್ತು, ಅಲ್ಲೇ ಉಳಿಯಲು ಕೋಣೆಯೂ ಇತ್ತು. ಸೋಮವಾರ ಹನ್ನೊಂದು ಗಂಟೆಗೆ ಪರೀಕ್ಷೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂದು ಕೆಳಗೆ ಗೆರೆ ಎಳೆದಿದ್ದರು. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದೂ ಬರೆದಿತ್ತು. ಅವಳಿಗೆ ಶ್ರಾವಣದಲ್ಲಿ ಮೂವತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ.

ಅವಳು ಎಂಟರ ಬಸ್ಸಿಗೆ ಹೋಗುವುದೆಂದು ತೀರ್ಮಾನಿಸಿದ್ದಳು. ನನ್ನ ಸ್ವಾಭಿಮಾನ ಕೆರಳಿತು. ಮನೆಯಲ್ಲಿ ನೂರಮೂವತ್ತೈದು ಕುದುರೆಗಳು ಸುಮ್ಮನೆ ಮಲಗಿರುವಾಗ ನನ್ನ ನಾದಿನಿ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದೇ? ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ: ಒಂಬತ್ತಕ್ಕೆ ಹೊರಡೋಣ, ಮುಕ್ಕಾಲು ಗಂಟೆಯಲ್ಲಿ ಬಿಡುತ್ತೇನೆ. ಪುಷ್ಪಲತಾ, "ಬಸ್ಸೇ ಇರ್ಲಿ ಅತ್ತಿಗೆ" ಎಂದಳು. ನಾನು ಆ ಮಾತನ್ನು ಸಂಕೋಚ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ವೈಜ್ಞಾನಿಕ ವಿದ್ಯಮಾನ ಘಟಿಸಿತು. ಎಂಟರ ಬಸ್ಸೆಂದಿದ್ದರೆ ಏಳೂವರೆಗೆ ಎಲ್ಲರೂ ಅವಳನ್ನು ಬಾಗಿಲ ತನಕ ಕಳಿಸುತ್ತಿದ್ದರು. ಈಗ ಒಂದು ಗಂಟೆ ಬಿಡುವು ಸಿಕ್ಕಿತ್ತಲ್ಲ, ಎಲ್ಲರಿಗೂ ಅದರ ವಾಸನೆ ಬಡಿಯಿತು. ಅತ್ತೆ ಪಾತಮ್ಮ ಸಜ್ಜೆ ಹಿಟ್ಟಿನ ಡಬ್ಬಿ ತಂದಿಟ್ಟರು.

"ಹೆಂಗೂ ಕಾರೈತಲ್ಲ ಪುಷ್ಪಿ, ಮಧ್ಯಾಹ್ನಕ್ಕೂ ಒಂದಿಷ್ಟು ರೊಟ್ಟಿ ತಟ್ಟಿಬಿಡು."

ಲೋಹಿತ ಎರಡು ಅಂಗಿ ತಂದು ಇಸ್ತ್ರಿಗೆ ಹಾಕಿದ. ಒಂದು ತೊಡುವುದಕ್ಕೆ, ಇನ್ನೊಂದು ಇರಲಿ ಅಂತ. ಒಂಬತ್ತಕ್ಕೆ ಅವನ ಇಬ್ಬರು ಗೆಳೆಯರು ನನ್ನ ಎಂಜಿನ್ ನೋಡಲು ಬಂದರು. ನಾನು ಬಾನೆಟ್ಟು ಎತ್ತಿ, ಟರ್ಬೊ ಎಲ್ಲಿದೆ, ಗಾಳಿ ಎಲ್ಲಿಂದ ಹೋಗುತ್ತದೆ ಎಂದು ಉಪನ್ಯಾಸ ಕೊಡುತ್ತಾ ಒಳಗೆ ಕೂಗಿದೆ: "ಪುಷ್ಪಾ, ಮೂರು ಟೀ." ಆ ಕೂಗು ನನ್ನದೇ. ಇನ್ನೂ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಹೊರಡುವ ಹೊತ್ತಿಗೆ ನನ್ನ ರವಿಕೆಯ ಹುಕ್ಕು ಕಿತ್ತುಹೋಯಿತು. ಪರೀಕ್ಷೆಗೆ ಕಟ್ಟಿಟ್ಟಿದ್ದ ಕೈಚೀಲದಿಂದ ಸೂಜಿ ದಾರ ತೆಗೆದು ಅದನ್ನು ಹಾಕಿಕೊಟ್ಟವಳೂ ಅವಳೇ.

ಗಡಿಯಾರದಲ್ಲಿ ಒಂಬತ್ತು ಐವತ್ತು.

"ಏನೂ ಆಗಲ್ಲ," ಎಂದೆ. ಅವಳು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

ಐವತ್ತು ಚಿಲ್ಲರೆ ಕಿಲೋಮೀಟರ್, ಎಪ್ಪತ್ತು ನಿಮಿಷ. ನನ್ನ ಕುದುರೆಗಳಿಗೆ ಇದೊಂದು ಲೆಕ್ಕವೇ? ಅಷ್ಟರಲ್ಲಿ ಪೆಟ್ರೋಲ್ ಮುಳ್ಳು ಕಣ್ಣಿಗೆ ಬಿತ್ತು. ಊರಾಚೆಯ ಬಂಕಿನಲ್ಲಿ ಸಾದಾ ಪೆಟ್ರೋಲ್ ಬಿಟ್ಟು ಬೇರೇನೂ ಇರಲಿಲ್ಲ. ಬಾಲರಾಜುವಿನ ಮುಖ ಒಂದು ಕ್ಷಣ ತೇಲಿಬಂತು. ಅದನ್ನು ಪಕ್ಕಕ್ಕೆ ಸರಿಸಿ ಹದಿನೈದು ಲೀಟರ್ ಹಾಕಿಸಿದೆ. ಹತ್ತು ಗಂಟೆ ಎರಡು ನಿಮಿಷ.

ತಳಕು ದಾಟುವವರೆಗೆ ಕಾರು ಹಾರಿತು. ಒಂಬತ್ತೂವರೆಗೆ ಚಳ್ಳಕೆರೆ ಬಿಟ್ಟಿದ್ದ ರಾಯದುರ್ಗದ ಬಸ್ಸು ಮುಂದೆ ಸಿಕ್ಕಾಗ ನಾನು ಹಾರನ್ ಹೊಡೆದು, ಅದನ್ನು ಹಿಂದಿಕ್ಕಿ, ಪುಷ್ಪಲತಾಳ ಕಡೆ ನೋಡಿದೆ. ಅವಳು ನನ್ನನ್ನು ನೋಡದೆ ಕನ್ನಡಿಯಲ್ಲಿ ಬಸ್ಸನ್ನು ನೋಡುತ್ತಿದ್ದಳು. ಹತ್ತು ಇಪ್ಪತ್ತೆರಡು.

ಆಗ ಶುರುವಾಯಿತು ಸದ್ದು. ತಗಡಿನ ಡಬ್ಬಿಯಲ್ಲಿ ಹುರಿದ ಶೇಂಗಾ ಅಲ್ಲಾಡಿಸಿದ ಹಾಗೆ.

"ಏನದು ಅತ್ತಿಗೆ?"

"ರೋಡು."

ರೋಡು ನುಣ್ಣಗಿತ್ತು. ಏರು ಬಂತು. ಕಾಲು ಒತ್ತಿದೆ. ಶೇಂಗಾ ಜೋರಾಯಿತು. ಎದುರಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ಮರುಕ್ಷಣ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ ಕಾರು ಸೊರಗಿತು. ತೊಂಬತ್ತಿದ್ದದ್ದು ಅರವತ್ತು, ನಲವತ್ತು, ಇಪ್ಪತ್ತೆಂಟು. ಕಾಲನ್ನು ತಳದ ತನಕ ಒತ್ತಿದರೂ ಇಪ್ಪತ್ತೆಂಟು! ನೂರಮೂವತ್ತೈದು ಕುದುರೆಗಳೂ ಕೂಡಿ ಮುಷ್ಕರ ಹೂಡಿದ್ದವು.

ಬದಿಗೆ ನಿಲ್ಲಿಸಿ ಬಾಲರಾಜುವಿಗೆ ಫೋನ್ ಮಾಡಿದೆ. ಸಿಗ್ನಲ್ಲಿಗಾಗಿ ಒಂದು ಕಲ್ಲಿನ ಮೇಲೆ ಹತ್ತಿ ನಿಲ್ಲಬೇಕಾಯಿತು. ಯಾವ ಪೆಟ್ರೋಲ್ ಎಂಬುದೇ ಅವನ ಮೊದಲ ಪ್ರಶ್ನೆ. ಹೇಳಿದೆ. ಆ ಕಡೆ ಉದ್ದನೆಯ ಉಸಿರು ಕೇಳಿಸಿತು.

"ಮೇಡಂ, ಗಾಡಿ ಕೆಟ್ಟಿಲ್ಲ. ಹಾಕಿದ ಊಟ ಸರಿಯಿಲ್ಲ, ಹೇರಿದ ಹೊರೆ ಜಾಸ್ತಿ. ಹಂಗಾಗಿ ತಾನು ಸಾಯಬಾರ್ದು ಅಂತ ತಾನೇ ಕೆಲಸ ಕಮ್ಮಿ ಮಾಡ್ಕಂಡೈತೆ. ಆಫ್ ಮಾಡಿ ಆರಿಸ್ರಿ, ಆಮೇಲೆ ಮೆಲ್ಲಗೆ ಹೋಗ್ರಿ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಪುಷ್ಪಲತಾ ಬಾನೆಟ್ಟಿನ ಕಡೆ ನೋಡಿ, "ನಮ್ಮನೇಲಿ ಬುದ್ಧಿ ಇರೋದು ಇದಕ್ಕೊಂದಕ್ಕೇ," ಎಂದಳು.

ಮೆಲ್ಲಗೆ ಹೋಗಲು ನಮ್ಮ ಬಳಿ ಸಮಯವಿತ್ತೇ? ಐದು ನಿಮಿಷ ಆರಿಸಿದೆವು. ಚಾಲೂ ಮಾಡಿದೆ. ದೀಪ ಇರಲಿಲ್ಲ. ಹೋಯಿತು, ಹೋಯಿತು, ಮೂರು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಆಸೆ ಹುಟ್ಟಿತು, ಕಾಲು ಒತ್ತಿದೆ, ಶೇಂಗಾ, ಹಳದಿ ದೀಪ, ಇಪ್ಪತ್ತೆಂಟು. ಮತ್ತೆ ನಿಲ್ಲಿಸಿದೆ. ಬಿ.ಜಿ. ಕೆರೆ ಇನ್ನೂ ಮುಂದಿತ್ತು. ಹತ್ತು ನಲವತ್ತು. ಬಿಸಿಲಿಗೆ ಡಾಂಬರು ಕಣ್ಣೆದುರೇ ಕುಣಿಯುತ್ತಿತ್ತು.  ಪುಷ್ಪಲತಾಳ ಬೆರಳುಗಳು ಚೀಲದೊಳಗಿನ ಕತ್ತರಿಯನ್ನು ಬಟ್ಟೆಯ ಮೇಲಿನಿಂದಲೇ ಹಿಡಿದುಕೊಂಡಿದ್ದವು.

"ಕ್ಷಮಿಸು ಪುಷ್ಪಾ," ಎಂದೆ.

"ಅದನ್ನ ಆಮ್ಯಾಲೆ ಹೇಳ್ರಿ," ಎಂದು ಅವಳು ಬಾಗಿಲು ತೆಗೆದು ಇಳಿದಳು.

ಹಿಂದೆ ದೂರದಲ್ಲಿ ಧೂಳು ಕಾಣುತ್ತಿತ್ತು. ನಾನು ಹಾರನ್ ಹೊಡೆದು ಅವಮಾನಿಸಿದ್ದ ಅದೇ ಬಸ್ಸು. ಅಲ್ಲಿ ಸ್ಟಾಪಿರಲಿಲ್ಲ, ಊರಿರಲಿಲ್ಲ, ಒಂದು ಮರವೂ ಇರಲಿಲ್ಲ. ಪುಷ್ಪಲತಾ ಸೀದಾ ರಸ್ತೆಯ ನಡುವೆ ಹೋಗಿ ನಿಂತಳು. ಬಸ್ಸು ಹಾರನ್ ಹೊಡೆಯಿತು. ಅವಳು ಕದಲಲಿಲ್ಲ. ಮತ್ತೆ ಹೊಡೆಯಿತು. ನಾನು ಕಾರಿನೊಳಗೇ ಕಣ್ಣು ಮುಚ್ಚಿಕೊಂಡೆ. ಬ್ರೇಕು ಕಿರುಚಿತು. ಕಣ್ಣು ಬಿಟ್ಟಾಗ ಬಸ್ಸಿನ ಮೂತಿಗೂ ಅವಳಿಗೂ ನಡುವೆ ಒಂದು ಮಾರು ದೂರವಿತ್ತು. ಡ್ರೈವರು ತಲೆ ಹೊರಹಾಕಿ ತೆಲುಗಿನಲ್ಲಿ ಏನೇನೋ ಬೈದ. ಅವಳು ಬೈಗುಳ ಮುಗಿಯುವವರೆಗೆ ಕಾದು, ತೆಲುಗಿನಲ್ಲೇ ಎರಡು ಮಾತು ಹೇಳಿದಳು. ಬೈದ ಬಾಯಿಂದಲೇ ಅವನು ಹತ್ತಲು ಹೇಳಿದ. ಬಸ್ಸು ನನ್ನನ್ನು ದಾಟುವಾಗ ಕಿಟಕಿಯಿಂದ ಒಬ್ಬ ಅಜ್ಜಿ, "ನೀನೂ ಬಾರವ್ವ, ಜಾಗ ಐತೆ," ಎಂದಳು. ಕಾರು ಬಿಟ್ಟು ಹೇಗೆ ಹೋಗಲಿ? ಕೈ ಬೀಸಿದೆ.

ಬಸ್ಸು ಎಷ್ಟು ಓಡಿದರೂ ಹನ್ನೊಂದಕ್ಕೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಲೆಕ್ಕವನ್ನು ತಲೆಯಲ್ಲಿ ಹೊತ್ತು ಇಪ್ಪತ್ತೆಂಟರಲ್ಲಿ ಅವಳ ಹಿಂದೆ ಹೊರಟೆ. ಹುಲ್ಲು ತುಂಬಿದ ಟ್ರ್ಯಾಕ್ಟರ್ ನನ್ನನ್ನು ಹಿಂದೆ ಹಾಕಿತು. ಲಗೇಜ್ ಆಟೋ ಹಿಂದೆ ಹಾಕಿತು. ಒಂದು ಕುರಿಹಿಂಡಿನ ಜೊತೆ ಮಾತ್ರ ಸ್ವಲ್ಪ ದೂರ ಸರಿಸಮನಾಗಿ ಹೋದೆ. ಕುರಿಯವನು ಕಿಟಕಿಗೆ ಬಗ್ಗಿ, ಯಾವುದಾದರೂ ಕುರಿ ಅಡ್ಡ ಬಂತೇ ಎಂದು ವಿನಯದಿಂದ ಕೇಳಿದ. ಹನ್ನೊಂದಾಯಿತು. ಹನ್ನೊಂದು ಹತ್ತಾಯಿತು. ಮುಚ್ಚಿದ ಬಾಗಿಲ ಮುಂದೆ ಚೀಲ ಹಿಡಿದು ನಿಂತ ಪುಷ್ಪಲತಾ ಕಣ್ಣ ಮುಂದೆ ಬರುತ್ತಿದ್ದಳು. ಅವಳನ್ನು ಆ ಬಾಗಿಲಾಚೆ ಉಳಿಸಲು ನಮ್ಮ ಮನೆಯಲ್ಲಿ ಯಾರೂ ಸಂಚು ಮಾಡಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಸಣ್ಣ ಕೆಲಸ ಹೇಳಿದ್ದೆವು, ಅಷ್ಟೇ.

ಹನ್ನೊಂದು ಐವತ್ತಕ್ಕೆ ಮೊಳಕಾಲ್ಮೂರು ಮುಟ್ಟಿದೆ. ಕೇಂದ್ರದ ಬಾಗಿಲು ಮುಚ್ಚಿತ್ತು. ಜಗುಲಿಯ ಮೇಲೆ ಅವಳಿರಲಿಲ್ಲ. ಕಿಟಕಿಗೆ ಹೋಗಿ ಇಣುಕಿದೆ. ಎಂಟು ಹೊಲಿಗೆ ಯಂತ್ರಗಳು, ಎಂಟು ಬಾಗಿದ ತಲೆಗಳು. ಕೊನೆಯ ಸಾಲಿನ ತಲೆ ನನಗೆ ಪರಿಚಯವಿತ್ತು. ಜಗುಲಿಯ ಮೇಲೆ ಕುಸಿದು ಕೂತೆ.

ನಡೆದದ್ದು ಆಮೇಲೆ ತಿಳಿಯಿತು. ಹನ್ನೊಂದು ಹತ್ತಕ್ಕೆ ಇವಳು ಓಡಿಬಂದಾಗ ಪರೀಕ್ಷೆ ನಡೆಸುವ ವೀರಮ್ಮ ಬಾಗಿಲಿನ ಚಿಲಕಕ್ಕೆ ಕೈ ಇಟ್ಟುಕೊಂಡೇ ಕೇಳಿದರಂತೆ: "ಎಲ್ಲರೂ ಬಸ್ಸಲ್ಲಿ ಟೈಮಿಗೆ ಬಂದವ್ರೆ. ನಿಂಗ್ಯಾಕೆ ತಡ?"

"ಸ್ಪೀಡ್ ಕಾರಲ್ಲಿ ಬಂದೆ ಮೇಡಂ," ಎಂದಳಂತೆ ಇವಳು.

ಒಳಗಿದ್ದವರೆಲ್ಲ ನಕ್ಕರಂತೆ. ವೀರಮ್ಮ ನಗಲಿಲ್ಲ. ಕಾರು ಓಡಿಸಿದವರು ಯಾರು, ಬೆಳಿಗ್ಗೆ ಎಷ್ಟು ರೊಟ್ಟಿ ತಟ್ಟಿ ಬಂದೆ ಎಂದು ಎರಡೇ ಪ್ರಶ್ನೆ ಕೇಳಿ ಚಿಲಕ ಬಿಟ್ಟರಂತೆ. ಹೆಚ್ಚಿನ ಸಮಯ ಕೊಡುವುದಿಲ್ಲ ಎಂದರಂತೆ. ಎರಡು ಗಂಟೆಯಲ್ಲಿ ಅಳತೆಗೆ ತಕ್ಕ ರವಿಕೆ ಕತ್ತರಿಸಿ ಹೊಲಿಯಬೇಕಿತ್ತು. ಇವಳು ಕಾಲು ಗಂಟೆ ಮೊದಲೇ ಮುಗಿಸಿ ಕೈ ಕಟ್ಟಿ ಕೂತಿದ್ದಳು. ಎಂಟರಲ್ಲಿ ಇಬ್ಬರನ್ನು ಆರಿಸಿ, ಒಂದೂವರೆಗೆ ಹೆಸರು ಹೇಳಿದರು. ಮೊದಲ ಹೆಸರು ಪುಷ್ಪಲತಾ. ಬರುವ ಒಂದನೇ ತಾರೀಖಿನಿಂದ ಕೆಲಸ, ಕೋಣೆಯ ಬೀಗದ ಕೈ ಅಂದೇ ಕೊಟ್ಟರು.

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಅವಳು ನನ್ನ ಬೆನ್ನು ತಟ್ಟಿ, ಕಣ್ಣು ಒರೆಸಿಕೊಳ್ಳಿ, ಹುಕ್ಕು ಮತ್ತೆ ಕಿತ್ತೀತು ಎಂದಳು.

ವಾಪಸು ಹೊರಟಾಗ ಎರಡು ಗಂಟೆ. ತಣ್ಣಗೆ ನಿಂತು ಎಂಜಿನ್ನಿನ ಸಿಟ್ಟು ಇಳಿದಿತ್ತು. ಹಳದಿ ದೀಪವೂ ಇಲ್ಲ, ಶೇಂಗಾವೂ ಇಲ್ಲ. ಊರು ದಾಟುವಷ್ಟರಲ್ಲಿ ಲೋಹಿತನ ಫೋನ್ ಬಂತು. ಫಲಿತಾಂಶ ಕೇಳುತ್ತಾನೆಂದುಕೊಂಡು ಸ್ಪೀಕರಿಗೆ ಹಾಕಿದೆ. ಕಾರು ಹೇಗೆ ಓಡಿತು ಎಂದು ಕೇಳಿದ. ಬೆಳಗಿನ ರೊಟ್ಟಿಯನ್ನೆಲ್ಲ ಗೆಳೆಯರು ತಿಂದು ಹೋದರಂತೆ, ಅತ್ತೆ ಹಿಟ್ಟು ಕಲಸಿಟ್ಟು ಕಾಯುತ್ತಿದ್ದಾರಂತೆ, ಮೂರರೊಳಗೆ ಬಂದರೆ ಸಾಕಂತೆ.

"ನಿನ್ನ ಕಾರಿಗೆ ಒಂದು ಗಂಟೆ ಬೇಕಾ?" ಎಂದು ಹೊಗಳಿದ ಕೂಡ.

ಹದಿನೈದು ವರ್ಷದ ಸಂಸಾರದ ಅಭ್ಯಾಸ! ನನ್ನ ಬಲಗಾಲು ತಾನಾಗಿಯೇ ಒತ್ತಿಕೊಂಡಿತು. ಮುಳ್ಳು ಐವತ್ತು ದಾಟಿ ಅರವತ್ತರ ಕಡೆ ಹೊರಟಿತು. ಪುಷ್ಪಲತಾ ಫೋನು ತೆಗೆದುಕೊಂಡು ಅಣ್ಣನಿಗೆ, ಕಾರು ಸರಿಯಿಲ್ಲ, ಬರುವುದು ಸಂಜೆಯಾಗುತ್ತದೆ, ನೀನೇ ತಟ್ಟು ಎಂದು ಹೇಳಿ ಕಟ್ ಮಾಡಿದಳು. ಆಮೇಲೆ ಸೀಟು ಹಿಂದಕ್ಕೆ ಬಾಗಿಸಿ, ಚಪ್ಪಲಿ ಬಿಟ್ಟು, ಕಾಲು ಮೇಲೆತ್ತಿ ಕೂತಳು.

"ಅತ್ತಿಗೆ, ನಲವತ್ತರ ಮ್ಯಾಲೆ ಹೋಗಬ್ಯಾಡ್ರಿ. ನಾವು ಬೇಗ ಹೋದಷ್ಟೂ ಆ ಹಿಟ್ಟು ನಮ್ಮ ಕೈಗೇ ಬರ್ತೈತೆ."

ನಾನು ಮೂವತ್ತೈದಕ್ಕೆ ಇಳಿಸಿದೆ.