ಗದ್ಯಭಾಗ ಓದದೆ ಉತ್ತರಿಸಿ

ಸಾಂತಾ ಬ್ರಿಗಿದಾ ಪುರಸಭೆಯ ನಲವತ್ನಾಲ್ಕು ಖಾಯಂ ನೌಕರರ ಪೈಕಿ ನಲವತ್ತೊಂದು ಮಂದಿ ಕಳೆದ ಹನ್ನೊಂದು ವರ್ಷಗಳಿಂದ ಯಾವ ಕಾಗದವನ್ನೂ ಓದಿಲ್ಲ ಎಂಬುದು ದಾಖಲೆಗಳಿಂದ ದೃಢಪಟ್ಟ ಸಂಗತಿ. ಉಳಿದ ಮೂವರಲ್ಲಿ ಇಬ್ಬರು ಡ್ರೈವರುಗಳು. ಇನ್ನೊಬ್ಬರು ದೀರ್ಘ ರಜೆಯಲ್ಲಿದ್ದಾರೆ.

ಈ ಸಾಧನೆಯ ಹಿಂದಿರುವ ವ್ಯಕ್ತಿ ನಾನು, ಪ್ರೊಸೆಸೊ ದುಮ್ಲಾವ್. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಬೇಕಾಗಿದೆ.

ನಮ್ಮ ಕಡೆ ಹಂಗಾಮಿ ನೌಕರ ಖಾಯಂ ಆಗಬೇಕಾದರೆ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು. ಆ ಪರೀಕ್ಷೆಯಲ್ಲಿ ಎಲ್ಲರೂ ಮಕಾಡೆ ಮಲಗುವ ಜಾಗ ಒಂದೇ: ‘ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ.’ ನಾನೇ ಅದನ್ನು ಒಂಬತ್ತು ಸಲ ಬರೆದಿದ್ದೇನೆ. ಪಾಸಾದವನು ಒಂದು ಸಲ ಬರೆದು ಸುಮ್ಮನಾಗುತ್ತಾನೆ. ಅನುಭವ ಯಾರಿಗೆ ಹೆಚ್ಚು, ನೀವೇ ಹೇಳಿ. ಆ ಅನುಭವವನ್ನೆಲ್ಲ ಬಟ್ಟಿ ಇಳಿಸಿ, ಕ್ಷೌರದಂಗಡಿಯ ಮಹಡಿಯ ಮೇಲೆ ಕೋಚಿಂಗ್ ಕ್ಲಾಸು ತೆರೆದೆ.

ನನ್ನ ಮೊದಲ ನಿಯಮ, ಗದ್ಯಭಾಗವನ್ನು ಓದತಕ್ಕದ್ದಲ್ಲ. ಅದನ್ನು ಅಲ್ಲಿ ಇಟ್ಟಿರುವುದೇ ನಿಮ್ಮ ಸಮಯ ತಿನ್ನಲು. ನೇರವಾಗಿ ಉತ್ತರಗಳಿಗೆ ಇಳಿಯಿರಿ. ನಾಲ್ಕರಲ್ಲಿ ಉದ್ದವಾದದ್ದು ಸರಿ, ಏಕೆಂದರೆ ಸುಳ್ಳು ಹೇಳುವವನು ಅಷ್ಟು ಶ್ರಮ ಪಡುವುದಿಲ್ಲ. ‘ಎಂದಿಗೂ’, ‘ಖಂಡಿತ’, ‘ತಕ್ಷಣ’ ಎಂಬ ಪದಗಳಿದ್ದರೆ ಎಷ್ಟೇ ಉದ್ದವಿರಲಿ ಹೊಡೆದು ಹಾಕಿ. ಸರ್ಕಾರಿ ಪರೀಕ್ಷೆಯಲ್ಲಿ ಯಾವುದೂ ತಕ್ಷಣ ಆಗುವುದಿಲ್ಲ. ಲೇಖಕರ ಮನೋಭಾವ ಏನು ಎಂದು ಕೇಳಿದರೆ ‘ಕೋಪ’ ಎಂದು ಬರೆಯಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಯಾರಿಗೂ ಕೋಪ ಬರುವುದಿಲ್ಲ, ‘ಮಿತವಾದ ಕಾಳಜಿ’ ಮಾತ್ರ ಬರುತ್ತದೆ. ಏನೂ ತೋಚದಿದ್ದರೆ ಸಿ.

ಫಲಿತಾಂಶ ಊರಿಗೇ ಗೊತ್ತು. ನನ್ನ ಶಿಷ್ಯನೊಬ್ಬ ಕೊಠಡಿ ತಪ್ಪಿ ಹೋಗಿ, ಪಶುವೈದ್ಯರ ಪರೀಕ್ಷೆ ಬರೆದು, ಎರಡನೇ ರ್‍ಯಾಂಕ್ ಬಂದ. ಇಂದಿಗೂ ಊರಿನ ಹಂದಿಗಳನ್ನು ಅವನೇ ನೋಡುತ್ತಾನೆ. ಹಂದಿಗಳಿಂದ ಒಂದೇ ಒಂದು ದೂರು ಬಂದಿಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ, ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ನಾದಿನಿ ಕೊನ್ಸೊರ್ಸಿಯಾ ಕೈಯಲ್ಲೊಂದು ಕಾಗದ ಹಿಡಿದು ಮಹಡಿ ಹತ್ತಿ ಬಂದಳು. ಅವಳ ಮನೆ ಹೊಳೆಯಾಚೆ ಕಬರ್ವಾನ್ ಹಳ್ಳಿಯಲ್ಲಿ. ಉಪ್ಪಿನಲ್ಲಿ ಹುದುಗು ಬರಿಸಿದ ಮೀನಿನ ಗೊಜ್ಜು ಬಗೋಂಗ್ ಮಾಡಿ, ಗಡಿಗೆ ತಲೆಯ ಮೇಲಿಟ್ಟುಕೊಂಡು, ದಿನವೂ ತೂಗುಸೇತುವೆ ದಾಟಿ ನಮ್ಮ ಸಂತೆಗೆ ಬರುತ್ತಾಳೆ. ಆ ಸೇತುವೆಯ ನಾಲ್ಕು ತಂತಿಗಳಲ್ಲಿ ಮೂರು ಹರಿದಿದ್ದವು. ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸಿ ಎಂದು ಪುರಸಭೆಗೆ ಬರೆದಿದ್ದಳು. ಉತ್ತರ ಬಂದಿತ್ತು.

‘ನಿಮ್ಮ ಪತ್ರ ತಲುಪಿದೆ. ಮುಖ್ಯ ಆಶಯ: ಸಿ. ಲೇಖಕಿಯ ಮನೋಭಾವ: ಮಿತವಾದ ಕಾಳಜಿ. ಗದ್ಯಭಾಗಕ್ಕೆ ಸೂಕ್ತ ಶೀರ್ಷಿಕೆ: ನಮ್ಮ ಹೆಮ್ಮೆಯ ಸೇತುವೆ.’

“ಬಾವ, ಏನಿದು?” ಎಂದಳು. “ತಂತಿ ಹರಿದಿದೆ ಅಂತ ಬರೆದ್ರೆ ನನ್ನ ಕಾಗದಕ್ಕೆ ಹೆಸರಿಟ್ಟು ಕಳ್ಸಿದಾರಲ್ಲ! ನಾನೇನು ನಾಮಕರಣಕ್ಕೆ ಕೊಟ್ಟಿದ್ನಾ?”

“ಉತ್ತರ ಸರಿಯಾಗೇ ಇದೆ ಕಣಮ್ಮ. ನೀನು ಪ್ರಶ್ನೆ ಕೇಳಿಲ್ಲ. ಬರೀ ಗದ್ಯ ಬರೆದಿದೀಯ. ಗದ್ಯ ಯಾರು ಓದ್ತಾರೆ?”

“ಒಂದೇ ತಂತಿ ಮೇಲೆ ನಿಂತಿದೆ ಬಾವ. ನಾನು ದಾಟೋವಾಗ ಹಿಂದೆ ಬರೋರು ಉಸಿರು ಹಿಡ್ಕೊಂಡು ನಿಂತಿರ್ತಾರೆ. ಮಕ್ಕಳು ಅದರ ಮೇಲೇ ಸ್ಕೂಲಿಗೆ ಹೋಗ್ತವೆ. ಅದು ಬಿದ್ರೆ ನಮ್ಮೂರಿಗೆ ದಾರೀನೇ ಇಲ್ಲ.”

“ಅದಕ್ಕೇ ನಾನಿರೋದು” ಎಂದೆ. ಮನೆಯವಳ ತಂಗಿ, ಬಿಡುವುದಕ್ಕಾಗುತ್ತದೆಯೇ? ಅವಳ ಅರ್ಜಿಯನ್ನು ಪುರಸಭೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟೆ.

‘ಕಬರ್ವಾನ್ ಸೇತುವೆಯ ವಿಷಯದಲ್ಲಿ ಪುರಸಭೆ ಏನು ಮಾಡತಕ್ಕದ್ದು? ಎ) ಸುಮ್ಮನಿರತಕ್ಕದ್ದು. ಬಿ) ಹರಿದ ಮೂರು ತಂತಿಗಳನ್ನು ಬದಲಿಸಿ, ಹೊಸ ಹಲಗೆ ಹೊಡೆದು, ಎರಡೂ ಬದಿಗೆ ಕೈಹಿಡಿ ಕಟ್ಟಿ, ಮಳೆಗಾಲಕ್ಕೆ ಮುಂಚೆ ಸೇತುವೆಯನ್ನು ರಿಪೇರಿ ಮಾಡತಕ್ಕದ್ದು. ಸಿ) ನೋಡತಕ್ಕದ್ದು.’

ಡಿ ಉಳಿಯಿತು. “ನಾಲ್ಕನೇದು ನೀನೇ ಹೇಳು” ಎಂದೆ.

“ಒಲೆ ಮೇಲೆ ಅನ್ನ ಇದೆ ಬಾವ. ಏನಾದ್ರೂ ಒಂದು ಗೀಚಿ ಕೊಡಿ.”

‘ಡಿ) ಈಚೆದಡದಲ್ಲಿ ಮೇಯರ್ ಸಾಹೇಬರ ಭಾವಚಿತ್ರವಿರುವ ಸ್ವಾಗತ ಕಮಾನು ಕಟ್ಟತಕ್ಕದ್ದು’ ಎಂದು ಗೀಚಿದೆ. ಬಿ ಎಷ್ಟು ಉದ್ದ, ಡಿ ಎಷ್ಟು ಉದ್ದ ಎಂದು ಅಳತೆಪಟ್ಟಿ ಇಟ್ಟು ನೋಡಿದೆ. ಬಿ ಮೂರು ಅಂಗುಲ ಮುಂದಿತ್ತು. ಇದರಲ್ಲಿ ಸೋಲುವುದು ಸಾಧ್ಯವೇ ಇರಲಿಲ್ಲ.

ಎರಡು ವಾರಕ್ಕೆ ಹೊಳೆಯ ಈಚೆದಡದಲ್ಲಿ ಕಮಾನಿಗೆ ಗುಂಡಿ ತೋಡತೊಡಗಿದರು.

ನಾನು ಪುರಸಭೆಗೆ ಓಡಿದೆ. ಟಪಾಲು ವಿಭಾಗದಲ್ಲಿ ಕುಳಿತಿದ್ದವನು ನನ್ನ ಅತ್ಯುತ್ತಮ ಶಿಷ್ಯ ದೆಲ್ಫಿನ್ ಮಕದಂಗ್ದಂಗ್. ಎದ್ದು ನಿಂತು ಕುರ್ಚಿ ಒರೆಸಿಕೊಟ್ಟ.

“ಬಿ ಯಾಕಪ್ಪ ಹಾಕ್ಲಿಲ್ಲ? ಅದೇ ತಾನೇ ಉದ್ದ?”

“ಉದ್ದವೇನೋ ಹೌದು ಮೇಷ್ಟ್ರೇ. ಆದ್ರೆ ನೋಡಿ.” ಅರ್ಜಿ ತೆಗೆದು ತೋರಿಸಿದ. ಬಿ ಸಾಲಿನ ನಡುವೆ, ಬೇರೆ ಶಾಯಿಯಲ್ಲಿ, ಕೊನ್ಸೊರ್ಸಿಯಾಳ ಗುಂಡಗಿನ ಅಕ್ಷರದಲ್ಲಿ ಒಂದು ಪದ ಹೊಸದಾಗಿ ಸೇರಿತ್ತು: ‘ತಕ್ಷಣ’. ಅರ್ಜಿ ಕೊಡುವಾಗ ಕಿಟಕಿಯ ಹತ್ತಿರ ನಿಂತು, ಅವಸರ ತಿಳಿಯಲಿ ಎಂದು ಅವಳೇ ಸೇರಿಸಿದ್ದಳು.

“ಹೊಡೆದು ಹಾಕಿದೆ” ಎಂದ ದೆಲ್ಫಿನ್. “ಆಮೇಲೆ ಉದ್ದ ಯಾವುದು ನೋಡ್ದೆ. ಡಿ.”

“ಸೇತುವೆ ಬಿದ್ದುಹೋಗುತ್ತಲ್ಲೋ ಮಾರಾಯ!”

“ಹಾಗಂತ ಬರೆದಿದ್ರಾ? ಗದ್ಯಭಾಗದಲ್ಲಿ ಇದ್ದಿರಬೇಕು ಮೇಷ್ಟ್ರೇ. ನಾವು ಅಲ್ಲಿಗೆ ಹೋಗಲ್ಲ.”

ನನ್ನ ಕಣ್ಣು ತುಂಬಿ ಬಂತು. ಶಿಷ್ಯನೆಂದರೆ ಹೀಗಿರಬೇಕು.

ಜೂನ್ ಮೊದಲ ವಾರ ಕಮಾನಿನ ಉದ್ಘಾಟನೆ. ಕಬರ್ವಾನಿನ ಇನ್ನೂರ ಹನ್ನೆರಡು ಜನರೂ ಕಡ್ಡಾಯವಾಗಿ ಹಾಜರಿರತಕ್ಕದ್ದೆಂದು ಸುತ್ತೋಲೆ ಹೋಗಿತ್ತು. ಒಬ್ಬೊಬ್ಬರಾಗಿ ಉಸಿರು ಬಿಗಿಹಿಡಿದು ಸೇತುವೆ ದಾಟಿ ಬಂದರು. ಮೇಯರ್ ಕಾಲಿಸ್ತೊ ಮದಾಂಬ ಭಾಷಣಕ್ಕೆ ನಿಂತರು. ಮಳೆ ಶುರುವಾಯಿತು. ಭಾಷಣ ಮುಗಿಯಲಿಲ್ಲ. ಮಳೆ ಜೋರಾಯಿತು. ಭಾಷಣವೂ ಜೋರಾಯಿತು. ಎಲ್ಲರೂ ಕಮಾನಿನ ಕೆಳಗೆ ಒತ್ತಿಕೊಂಡು ನಿಂತಿದ್ದಾಗ ಹಿಂದೆ ‘ಟಣ್’ ಎಂದಿತು. ನಾಲ್ಕನೇ ತಂತಿ. ಸೇತುವೆ ಒಮ್ಮೆ ಮೈ ಮುರಿದು, ನೀರಿಗಿಳಿದು, ಸಮುದ್ರದ ಕಡೆ ಹೊರಟುಹೋಯಿತು.

ಪುರಸಭೆಯ ವರದಿ ಮರುದಿನವೇ ಪ್ರಕಟವಾಯಿತು: ‘ಸದರಿ ಕಮಾನು ಉದ್ಘಾಟನೆಯ ದಿನವೇ ಇನ್ನೂರ ಹನ್ನೆರಡು ಜೀವಗಳನ್ನು ಉಳಿಸಿರುತ್ತದೆ.’ ಹಿಂದಕ್ಕೆ ಹೋಗಲು ನಾಲ್ಕು ಜನ ಹಿಡಿಸುವ ಒಂದೇ ಬಿದಿರ ತೆಪ್ಪ. ಇಡೀ ಹಳ್ಳಿ ಮನೆ ಸೇರಲು ಮೂರು ದಿನ ಹಿಡಿಯಿತು.

ನಾಲ್ಕನೇ ದಿನ ಕೊನ್ಸೊರ್ಸಿಯಾ ತೆಪ್ಪದಲ್ಲಿ ಬಂದು, ನನ್ನನ್ನು ಮಹಡಿಯಿಂದ ಇಳಿಸಿಕೊಂಡು, ಪುರಸಭೆಗೆ ಎಳೆದೊಯ್ದಳು. ದೆಲ್ಫಿನ್ನನ ಮೇಜು ಗುದ್ದಿದಳು. ಮಸಿ ಚೆಲ್ಲಿತು.

“ನನ್ನ ಮುಖ ನೋಡೋ. ಏನು ಕಾಣುತ್ತೆ?”

ಅವನು ನಿಧಾನವಾಗಿ ನೋಡಿದ. “ಮಿತವಾದ ಕಾಳಜಿ.”

“ಗಡಿಗೆಗಳೆಲ್ಲ ಮನೇಲಿ ಕೂತಿವೆ! ಮಕ್ಕಳು ಸ್ಕೂಲ್ ಬಿಟ್ಟಿದಾವೆ! ಸೇತುವೆ ಎಲ್ಲಿ?”

“ಅದೇ ವಿಷಯಕ್ಕೆ ಆದೇಶ ಬಂದಿದೆ ಅಕ್ಕ. ನಿಮಗೆ ಒಳ್ಳೆ ಸುದ್ದಿ.” ದೆಲ್ಫಿನ್ ಎದ್ದು ನಿಂತೇ ಓದಿದ. ಅವನು ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಹುಶಃ ಬಾಯಿಪಾಠ.

‘ಅರ್ಜಿದಾರರು ಪ್ರಸ್ತಾಪಿಸಿರುವ ಸೇತುವೆಯು ಪ್ರಸ್ತುತ ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ, ಸದರಿ ಪ್ರಶ್ನೆಯೇ ದೋಷಪೂರಿತವೆಂದು ತೀರ್ಮಾನಿಸಿ ರದ್ದುಪಡಿಸಲಾಗಿದೆ. ರದ್ದಾದ ಪ್ರಶ್ನೆಗೆ ನಿಯಮಾನುಸಾರ ಅರ್ಜಿದಾರರಿಗೆ ಒಂದು ಕೃಪಾಂಕ ನೀಡತಕ್ಕದ್ದು.’

“ಕೃಪಾಂಕ?”

“ಒಂದು ಮಾರ್ಕು. ಪೂರ್ತಿ ಒಂದು.”

“ಅದನ್ನಿಟ್ಕೊಂಡು ಏನೋ ಮಾಡ್ಲಿ? ಅದರ ಮೇಲೆ ಕೂತು ಹೊಳೆ ದಾಟ್ಲಾ?”

“ಬೇಡ ಅಂದ್ರೆ ಬಲವಂತ ಇಲ್ಲ ಅಕ್ಕ. ಮೇಲ್ದಂಡೆ ಊರಿನೋರು ಆಗ್ಲೇ ಕೇಳ್ಕೊಂಡು ಬಂದಿದ್ರು.”

ಕೊನ್ಸೊರ್ಸಿಯಾಳ ಕೈ ಮೇಜಿನ ಮೇಲೇ ನಿಂತಿತು. “ಮೇಲ್ದಂಡೆಯೋರಾ? ಅವರ ಸೇತುವೆ ಬಿದ್ದಿಲ್ವಲ್ಲೋ!”

“ಹಳೇದಾಗಿದೆಯಂತೆ. ಅರ್ಧ ಮಾರ್ಕಾದ್ರೂ ಕೊಡಿ ಅಂತಾರೆ.”

“ಅಯ್ಯೋ ಮಾನಗೆಟ್ಟೋರೇ! ಬಿದ್ದಿರೋದು ನಮ್ದು. ಮಾರ್ಕೂ ನಮ್ದೇ.” ಸ್ವಲ್ಪ ಯೋಚಿಸಿ ದನಿ ತಗ್ಗಿಸಿದಳು. “ನನಗೊಬ್ಬಳಿಗೇ ಒಂದಾ? ದಾಟ್ತಿದ್ದೋರು ಊರೆಲ್ಲ ಅಲ್ವಾ?”

ದೆಲ್ಫಿನ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ನ್ಯಾಯ ಯಾವತ್ತಿದ್ದರೂ ನ್ಯಾಯವೇ.

“ತಲೆಗೊಂದರಂತೆ ಕೊಡಬಹುದು” ಎಂದ. “ಆದ್ರೆ ಪ್ರತಿಯೊಬ್ಬರೂ ಖುದ್ದಾಗಿ ಈ ದಡಕ್ಕೆ ಬಂದು ಅರ್ಜಿ ಕೊಡ್ಬೇಕು. ಶುಕ್ರವಾರ ಸಂಜೆ ಐದು ಕಡೇ ಗಡುವು. ಒದ್ದೆ ಅರ್ಜಿ ತಗೊಳ್ಳಲ್ಲ.”

ಶುಕ್ರವಾರ ಬಂತು. ಮಳೆ ಬಿಟ್ಟಿತ್ತು, ಹೊಳೆ ಕುತ್ತಿಗೆಮಟ್ಟಕ್ಕೆ ಇಳಿದಿತ್ತು. ತೆಪ್ಪಕ್ಕೆ ಕಾಯುತ್ತ ಕುಳಿತರೆ ಗಡುವು ಮುಗಿಯುತ್ತದೆಂದು ಎಲ್ಲರಿಗೂ ತಿಳಿದಿತ್ತು. ನಾನು ದಡದಲ್ಲಿ ನಿಂತು ನೋಡಿದೆ. ಇನ್ನೂರ ಹನ್ನೆರಡು ಜನ, ಮುದುಕರು ಹೆಂಗಸರು ಗಂಡಸರು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಒಬ್ಬರ ಸೊಂಟ ಒಬ್ಬರು ಹಿಡಿದು, ಅರ್ಜಿ ಹಿಡಿದ ಕೈಯನ್ನು ಮೇಲೆತ್ತಿ ಹೊಳೆಯಲ್ಲಿ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಕೊನ್ಸೊರ್ಸಿಯಾ. ಗಲ್ಲದವರೆಗೆ ನೀರು. ಹಿಂದೆ ತಿರುಗಿ ಕೂಗುತ್ತಿದ್ದಳು.

“ಕಾಗದ ಮೇಲೆ ಹಿಡೀರೋ, ಮೇಲೆ! ಮಗು ಒದ್ದೆಯಾದ್ರೆ ಒಣಗುತ್ತೆ! ಕಾಗದ ಒದ್ದೆಯಾದ್ರೆ ಮಾರ್ಕು ಹೋಗುತ್ತೆ!”

ಸಂಜೆ ಐದರೊಳಗೆ ಇನ್ನೂರ ಹನ್ನೆರಡು ಅರ್ಜಿಗಳು ಸ್ವೀಕೃತವಾದವು. ಒಂದೂ ಒದ್ದೆಯಾಗಿರಲಿಲ್ಲ.