ಮುತ್ಯಾನ ಬಿಲ್ಲಿಗೆ ಬಾಣ ಹೊಂದಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನ ಬಾಯಿಯದು. ಮಂದಿಯ ನಡಿಗೆ, ಮಾತು, ಕೆಮ್ಮು ಎಲ್ಲವನ್ನೂ ಅಣಕಿಸುವ ಚಟ ಇರುವವನಿಗೆ ಒಂದು ತೊಂದರೆ ಇದೆ. ಎದುರಿಗಿದ್ದವರು ನಕ್ಕರೆ ಅವನಿಗೆ ನಿಲ್ಲಿಸಲು ಬರುವುದಿಲ್ಲ. ನಾನು ಅಮೀನಗಡದ ಒಂದು ಕರದಂಟಿನ ಅಂಗಡಿಯಲ್ಲಿ ಕೂರುವವನು. ಬಸ್ಸು ನಿಂತ ಹತ್ತು ನಿಮಿಷದಲ್ಲಿ ಇಳಿದು, ರುಚಿ ನೋಡಲೆಂದು ಮೂರು ತುಂಡು ತಿಂದು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ತಮಗೆ ಸಿಹಿ ಆಗುವುದಿಲ್ಲವೆಂದು ಹೇಳಿ ಹೋಗುವವರನ್ನು ಅವರು ಬಸ್ಸು ಹತ್ತುವ ಮೊದಲೇ ಮಾಡಿ ತೋರಿಸುತ್ತೇನೆ. ಮಾಲೀಕರನ್ನೂ ಬಿಟ್ಟಿಲ್ಲ. ಅದರಿಂದಾಗಿ ಒಮ್ಮೆ ಎರಡು ದಿನ ಮನೆಯಲ್ಲಿ ಕೂತದ್ದೂ ಉಂಟು. ಇಂಥವನು ಸ್ವಂತ ಕಾಕಾನನ್ನು ಬಿಟ್ಟೇನೆ?

ಸೋಮು ಕಾಕಾ ನಮ್ಮಪ್ಪನ ತಮ್ಮ. ಬಾದಾಮಿಯಲ್ಲಿ ಲಾಡ್ಜ್ ಕಟ್ಟಿಸುತ್ತಿದ್ದಾನೆ. ಗುಡೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಬೀಸುಕಲ್ಲೋ, ಕಂದೀಲೋ, ಮುರಿದ ತೊಟ್ಟಿಲೋ ಕಣ್ಣಿಗೆ ಬಿದ್ದರೆ, ಒಂದು ಕಣ್ಣು ಮುಚ್ಚಿ ಅಳತೆ ನೋಡಿ, "ಲಾಡ್ಜಿನ ಗ್ವಾಡಿಗೆ ಹಾಕಿದ್ರ ಭಾರಿ ಲುಕ್ ಬರ್ತೈತಿ" ಎಂದು ಗಾಡಿಗೆ ಏರಿಸುತ್ತಾನೆ. ಆ ದಿನ ಅವನ ಒಂಟಿ ಕಣ್ಣು ಪಡಸಾಲೆಯಲ್ಲಿ ತೂಗುತ್ತಿದ್ದ ಮುತ್ಯಾನ ಬಿಲ್ಲಿನ ಮೇಲೆ ಬಿತ್ತು. ಮುತ್ಯಾ ಎಂದರೆ ನನ್ನ ಅಜ್ಜ, ಕಾಕಾನ ಅಪ್ಪ. ಬೇಟೆಗೆ ಅಡ್ಡಿ ಇಲ್ಲದ ಕಾಲದಲ್ಲಿ, ಶೇಂಗಾದ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಆ ಬಿದಿರಿನ ಬಿಲ್ಲಿನಿಂದಲೇ ಹೊಡೆದವನು. ಅವನು ಹೋಗಿ ವರ್ಷಗಳಾದರೂ ನಮ್ಮ ಆಯಿ, ಅಂದರೆ ಅವನ ಹೆಂಡತಿ, ಅಮಾಸಿಗೊಮ್ಮೆ ಬಿಲ್ಲನ್ನು ಇಳಿಸಿ ಕುಸುಬೆ ಎಣ್ಣೆ ಸವರುತ್ತಾಳೆ. ತನ್ನ ತಲೆಗೆ ಎಣ್ಣೆ ಮರೆತಾಳು, ಅದಕ್ಕೆ ಮರೆತದ್ದನ್ನು ನಾನು ನೋಡಿಲ್ಲ.

ಕಾಕಾ ಅಳತೆ ನೋಡುತ್ತಿದ್ದಾಗ ನಾನು ಅವನ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಆಯಿಯ ಕಡೆ ಬೆರಳು ತೋರಿಸಿ, ಅವನದೇ ದನಿಯಲ್ಲಿ, "ಇವ್ರನ್ನ ಬಾಗಲದಾಗ ಕುಂದರಿಸಿದ್ರ ಇನ್ನೂ ಭಾರಿ ಲುಕ್ ಬರ್ತೈತಿ" ಎಂದೆ. ಆಯಿ ನಕ್ಕಳು. ಕಾಕಾ ತಿರುಗಿದ.

"ಸತ್ತ ಬಿಲ್ಲ ಇಟ್ಕೊಂಡು ನೀ ಏನ್ ಮಾಡ್ತೀಲೇ?"

"ಸತ್ತೈತಿ ಅಂತ ಯಾರಂದ್ರು? ನಾ ಹೊಡದು ತೋರಸ್ತೇನಿ" ಎಂದುಬಿಟ್ಟೆ. ಆ ತನಕ ನಾನು ಗುರಿಯಿಟ್ಟು ಎಸೆದದ್ದು ಹುಣಸೆಕಾಯಿಗೆ ಕಲ್ಲು ಮಾತ್ರ, ಅದೂ ಕೆಳಗೆ ಬಿದ್ದ ಕಾಯಿಯನ್ನೇ ಆರಿಸಿ ತಿಂದದ್ದು ಹೆಚ್ಚು.

ಆಯಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ತೀರ್ಪು ಕೊಟ್ಟಳು. "ಬರೂ ಅಮಾಸಿಗೆ ಬಾ ಸೋಮ್ಯಾ. ಮೂವತ್ತು ಹೆಜ್ಜಿ ದೂರದಿಂದ ಹೊಟ್ಟಿನ ಚೀಲಕ್ಕ ಮೂರು ಬಾಣ. ಎರಡು ನಟ್ರ ಬಿಲ್ಲ ಮನ್ಯಾಗ ಇರಲಿ. ಇಲ್ಲಾಂದ್ರ ನೀ ಒಯ್ಯಿ." ದನಿ ಗಟ್ಟಿಯಾಗಿಯೇ ಇತ್ತು. ಆದರೆ ಆಮೇಲೆ ಅವಳು ಕತ್ತರಿಸಿದ ಅಡಕೆಯನ್ನು ಬಾಯಿಗೆ ಹಾಕಿಕೊಳ್ಳದೆ ಡಬ್ಬಿಗೇ ವಾಪಸ್ಸು ಹಾಕಿದಳು. ನನಗೆ ಆಗ ಅರ್ಥವಾಯಿತು, ನಾನು ಕಾಕಾನ ಜೊತೆ ಪಣಕ್ಕಿಟ್ಟದ್ದು ನನ್ನ ವಸ್ತುವಲ್ಲ.

ಅಟ್ಟದ ಮೇಲೆ ಮುತ್ಯಾನ ಬಾಣಗಳೇ ಐದು ಸಿಕ್ಕವು. ಅದೇ ಬಿಲ್ಲು, ಅದೇ ಬಾಣ, ಹೊಂದಾಣಿಕೆ ಐವತ್ತು ವರ್ಷದ ಹಿಂದೆಯೇ ಆಗಿದೆ, ನಾನು ಎಳೆದು ಬಿಡುವುದಷ್ಟೇ ಬಾಕಿ ಎಂದುಕೊಂಡೆ. ಹೊಸ ಹೆದೆ ಕಟ್ಟಿ, ಹಿತ್ತಿಲಿನಲ್ಲಿ ಹೊಟ್ಟು ತುಂಬಿದ ಗೋಣಿಚೀಲ ನಿಲ್ಲಿಸಿ, ಮುತ್ಯಾನ ಹಾಗೆ ಎದೆ ಸೆಟೆದು, ಕಿವಿಯ ತನಕ ಎಳೆದು ಬಿಟ್ಟೆ. ಬಾಣ ಎಡಕ್ಕೆ ಹಾರಿ ನುಗ್ಗೆಗಿಡದಲ್ಲಿ ನೆಟ್ಟಿತು, ಇನ್ನೂ ಅಲ್ಲೇ ಇದೆ. ಎರಡನೆಯದು ಎಡಗಡೆಯ ಸಗಣಿ ಕುಳ್ಳಿನ ರಾಶಿಗೆ ಹೊಕ್ಕಿತು. ಮೂರನೆಯದು ಬಿಲ್ಲಿಗೆ ಟಪ್ಪನೆ ಬಡಿದು ನನ್ನ ಕಾಲ ಬಳಿಯೇ ಬಿತ್ತು. ಸರಿ, ಬಾಣ ಹಳತಾಗಿವೆ ಎಂದು ಮೊಬೈಲಿನಲ್ಲಿ ಅರ್ಧ ಡಜನ್ ಕಾರ್ಬನ್ ಬಾಣ ತರಿಸಿದೆ. ಕಪ್ಪಗೆ, ನುಣ್ಣಗೆ, ನೋಡಿದರೇ ಹಂದಿ ಸಾಯಬೇಕು. ಅವು ಹಳೆಯವುಗಳಿಗಿಂತ ಇನ್ನೂ ಎಡಕ್ಕೆ ಹೋದವು. ಗೋಡೆಯಾಚೆಯಿಂದ ನೋಡುತ್ತಿದ್ದ ನೆರೆಮನೆಯ ಶಾಂತಕ್ಕ ಕನಿಕರದಿಂದ ಹೇಳಿದಳು: "ತಮ್ಮಾ, ನೀ ಕುಳ್ಳಿಗೇ ಗುರಿ ಇಡು. ಆಗಾದ್ರೂ ಚೀಲಕ್ಕ ಬಿದ್ದಾವು."

ಅಮಾಸಿಗೆ ಹನ್ನೆರಡು ದಿನ ಉಳಿದಿತ್ತು. ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು, ಬಿಲ್ಲು ಬಾಣ ಹೊತ್ತುಕೊಂಡು ಮರೋಳಕ್ಕೆ ಹೋದೆ. ಅಲ್ಲಿ ಹನಮಪ್ಪಜ್ಜ ಇದ್ದಾನೆ, ಮುತ್ಯಾನ ಬೇಟೆಯ ಜೋಡಿ. ಬಾಯಲ್ಲಿ ಹಲ್ಲಿಲ್ಲ, ಕರದಂಟನ್ನು ಚೀಪುತ್ತಾನೆ. ಪ್ರತಿ ಮಾತಿಗೂ ಮೊದಲು ಒಮ್ಮೆ ಕೆಮ್ಮಿ ಮುಗಿಲು ನೋಡುತ್ತಾನೆ. ಇವನನ್ನು ಅಂಗಡಿಯಲ್ಲಿ ಮಾಡಿ ತೋರಿಸಿದರೆ ಹೇಗಿರುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವನು ನನ್ನ ಬಾಣಗಳ ಕಡೆ ನೋಡಲೂ ಇಲ್ಲ. ಬಿಲ್ಲನ್ನು ನಿಧಾನ ಎಳೆದು, ನಿಧಾನ ಸಡಿಲಿಸಿ, ಕೆಮ್ಮಿ, ಮುಗಿಲು ನೋಡಿದ.

"ಮುದಕ ಆಗೈತಿ, ನನ್ನಂಗ. ಸತ್ತಿಲ್ಲ. ಈ ಬಾಣ ಇದರ ಹರೇದಾಗಿನವು. ಬಿಟ್ಟಾಗ ಬಾಣ ಹಾವಿನಂಗ ಮಣದು, ಬಿಲ್ಲಿನ ಹೊಟ್ಟಿ ಬಳಸಿ ಮುಂದ ನೆಟ್ಟಗ ಹೋಗಬೇಕು. ಆಗ ಇದಕ್ಕ ಅಷ್ಟು ಜೋರ ನೂಕೂ ಬಲ ಇತ್ತು. ಈಗಿಲ್ಲ. ಬಿರುಸು ಬಾಣ ಮಣಿಯಂಗಿಲ್ಲ, ಬಿಲ್ಲಿಗೆ ಬಡದು ಎಡಕ್ಕ ಸಿಡೀತೈತಿ."

"ಹಂಗಾರ ಈ ಕರೇ ಬಾಣ, ಅಜ್ಜಾ?"

"ಅವನ್ನ ಮಣಸಾಕ ಟ್ರ್ಯಾಕ್ಟರ್ ಬೇಕು."

ಆಮೇಲೆ ನನ್ನನ್ನು ಎಳೆದು ತೋರಿಸಲು ಹೇಳಿದ. ನಾನು ಮುತ್ಯಾನ ಭಂಗಿಯಲ್ಲಿ ಎದೆ ಸೆಟೆದು ಕಿವಿಯ ತನಕ ಎಳೆದೆ. ಅಜ್ಜ ಬಹಳ ಹೊತ್ತು ನೋಡಿ, "ನಿಮ್ಮ ಮುತ್ಯಾನ ಕೈ ಉದ್ದ ಇದ್ವು. ನೀ ನಿನ್ನಂಗ ಎಳಿ" ಎಂದ. ನಿಜ ಹೇಳುತ್ತೇನೆ, ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಯಾರೂ ನನಗೆ ಹೇಳಿರಲಿಲ್ಲ. ಕಾಕಾನ ಹಾಗೆ ಎಳೆ ಎಂದರೆ ಎಳೆಯುತ್ತಿದ್ದೆ, ಮಾಲೀಕರ ಹಾಗೆ, ಬಸ್ಸಿನ ಕಂಡಕ್ಟರರ ಹಾಗೆ, ಬೇಕಾದರೆ ಹನಮಪ್ಪಜ್ಜನ ಹಾಗೆ ಮೊದಲು ಕೆಮ್ಮಿ ಎಳೆಯುತ್ತಿದ್ದೆ. ನನ್ನ ಹಾಗೆ ಎಳೆಯುವುದು ಹೇಗೆಂದು ಕಂಡುಕೊಳ್ಳಲು ಎರಡು ದಿನ ಬೇಕಾಯಿತು. ಕೈ ಕಿವಿಯ ತನಕ ಹೋಗಲೇ ಇಲ್ಲ, ಗದ್ದದ ಹತ್ತಿರ ಬಂದು ನಿಂತಿತು. ಅಜ್ಜ ಅದೇ ನನ್ನ ಅಳತೆ ಎಂದು ಕಡ್ಡಿಗೆ ಗುರುತು ಹಾಕಿದ. ಮುತ್ಯಾನ ಬಾಣಕ್ಕಿಂತ ನಾಲ್ಕು ಬೆರಳು ಗಿಡ್ಡ. ಅವಮಾನವನ್ನು ಅಷ್ಟು ಖಚಿತವಾಗಿ ಅಳೆದು ಕೊಟ್ಟವರು ಬೇರೆ ಯಾರೂ ಇಲ್ಲ.

ಆಮೇಲಿನದು ಸೊಗಸಾದ ಕೆಲಸ. ಮೊದಲು ಒಂದೇ ಬಿದಿರ ಕಡ್ಡಿಯನ್ನು ತಯಾರು ಮಾಡಿದೆವು. ಹೊಡೆಯುವುದು, ಎಡಕ್ಕೆ ಹೋದರೆ ಒಡೆದ ಗಾಜಿನ ಚೂರಿನಿಂದ ಕೂದಲೆಳೆಯಷ್ಟು ಹೆರೆಯುವುದು, ಮತ್ತೆ ಹೊಡೆಯುವುದು. ಮೂರನೆಯ ದಿನ ಅದು ನೆಟ್ಟಗೆ ಹೋಯಿತು. ಅಜ್ಜ ಅದನ್ನು ಎರಡು ಇಟ್ಟಂಗಿಯ ಮೇಲೆ ಅಡ್ಡ ಇಟ್ಟು, ನಡುವೆ ನೀರು ತುಂಬಿದ ತಂಬಿಗೆ ತೂಗುಹಾಕಿ, ಎಷ್ಟು ಬಾಗುತ್ತದೆ ನೋಡಿದ. ಸರಿಯಾಗಿ ಅವನ ಕಿರುಬೆರಳಿನ ದಪ್ಪ. ಉಳಿದವೂ ಅದೇ ತಂಬಿಗೆಗೆ ಅಷ್ಟೇ ಬಾಗಬೇಕು, ಹೆಚ್ಚು ಬಾಗಿದ್ದು ಒಲೆಗೆ. ಹದಿನಾಲ್ಕು ಕಡ್ಡಿ ಪರೀಕ್ಷೆಗೆ ಕೂತು ಎರಡು ಪಾಸಾದವು. ಗರಿಗಳು ಹುಂಜದವು, ಒಂದು ಬಾಣಕ್ಕೆ ಮೂರು, ಮೂರೂ ಒಂದೇ ಕಡೆಯ ರೆಕ್ಕೆಯವೇ ಆಗಬೇಕು. ಅಜ್ಜನ ಮನೆಯ ಹುಂಜ ಈಗಲೂ ನನ್ನನ್ನು ಕಂಡರೆ ಮಾಳಿಗೆ ಏರುತ್ತದೆ.

ಅಮಾಸಿಯ ದಿನ ಕಾಕಾ ಬಂದ, ಬಿಲ್ಲು ಸುತ್ತಲು ಹೊಸ ಚಾದರವನ್ನೂ ತಂದಿದ್ದ. ಹನಮಪ್ಪಜ್ಜ ಕಟ್ಟೆಯ ಮೇಲೆ ಕೂತ. ಶಾಂತಕ್ಕ ಮುನ್ನೆಚ್ಚರಿಕೆಯಾಗಿ ತನ್ನ ಎಮ್ಮೆಯನ್ನು ಬಲಕ್ಕೆ ಕಟ್ಟಿದಳು. ಆಯಿ ಬಾಗಿಲಲ್ಲಿ ನಿಂತಳು, ಕೈಯಲ್ಲಿ ಎಣ್ಣೆಯ ಬಟ್ಟಲು ಹಾಗೆಯೇ ಇತ್ತು. ಮೊದಲ ಬಾಣ ಚೀಲದ ಕೆಳತುದಿಯನ್ನು ಸವರಿ ಮಣ್ಣಿಗೆ ಹೋಯಿತು. ಕಾಕಾ ಚಾದರ ಬಿಡಿಸಿದ. ಎರಡನೆಯದು ಚೀಲದ ಹೆಗಲಿಗೆ ನೆಟ್ಟಿತು. ಮೂರನೆಯದಕ್ಕೆ ನಾನು ಯಾರೂ ಆಗದೆ, ಗದ್ದದ ತನಕ ಮಾತ್ರ ಎಳೆದು ಬಿಟ್ಟೆ. ಬಾಣ ಒಮ್ಮೆ ಬಳುಕಿದ್ದು ನನ್ನ ಕಣ್ಣಿಗೇ ಕಂಡಿತು. ನಟ್ಟನಡುವೆ, ಗರಿಯ ತನಕ ಹೊಕ್ಕಿತು.

ಕಾಕಾ ಹತ್ತಿರ ಬಂದು ಬಿಲ್ಲು ತೆಗೆದುಕೊಂಡು, ಹನಮಪ್ಪಜ್ಜ ಮಾಡಿದ ಹಾಗೆಯೇ ಬರಿ ಹೆದೆಯನ್ನು ನಿಧಾನ ಎಳೆದು ನಿಧಾನ ಸಡಿಲಿಸಿದ. "ಅಪ್ಪ ನನಗ ಇದನ್ನ ಮುಟ್ಟಾಕ ಕೊಟ್ಟಿರಲಿಲ್ಲ" ಎಂದು ಅದನ್ನು ಆಯಿಯ ಕೈಗಿಟ್ಟ. ಅವನನ್ನು ಅಣಕಿಸಬೇಕೆಂದು ನನಗೆ ಅನ್ನಿಸದೇ ಹೋದದ್ದು ಅದೊಂದೇ ಸಲ.

ಆದರೆ ನನ್ನ ಹೆಮ್ಮೆಗೆ ಮಿತಿ ಇರಲಿಲ್ಲ. ಮನೆತನ, ರಕ್ತ, ಬೇಟೆಗಾರರ ಕಣ್ಣು, ಏನೇನೋ ಹೇಳಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದೆ. ಕೊನೆಗೆ ಆಯಿಯ ಮುಂದೆ ಹೋಗಿ ನಿಂತು, "ಖರೆ ಹೇಳು ಆಯಿ, ಮುತ್ಯಾನಂಗ ಹೊಡದ್ನಿಲ್ಲೋ?" ಎಂದೆ.

ಆಯಿ ಬಿಲ್ಲಿಗೆ ಎಣ್ಣೆ ಸವರುತ್ತ, ತಲೆ ಎತ್ತದೆ ಹೇಳಿದಳು: "ನಿಮ್ಮ ಮುತ್ಯಾ ಹೊಡಿವಾಗ ಹಂದಿ ಓಡತಿತ್ತಪಾ. ನಿನ್ನ ಚೀಲ ಕುಂತಲ್ಲೇ ಕುಂತಿತ್ತು."